ಕಲಿಸುವವರು ಬೇಕು, ತೀರ್ಮಾನ ಹೇಳುವವರು ಬೇಕು: ಗೂಗಲ್ ಮ್ಯಾನೇಜರ್‌ಗಳನ್ನು ತೆಗೆದು ಮತ್ತೆ ತಂದ ಪ್ರಕರಣ

ಹತ್ತು ಜನ ಇದ್ದಾಗ ಓಡುತ್ತಿದ್ದ ತಂಡ ನೂರು ಜನ ಆದಾಗ ತೆವಳುತ್ತದೆ. ಸ್ಟಾರ್ಟಪ್ ಕಟ್ಟಿದ ಯಾರನ್ನು ಬೇಕಾದರೂ ಮಾತಾಡಿಸಿ ನೋಡಿ, ಈ ಮಾತು ಬಂದೇ ಬರುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲಿನವರ ಹುರುಪಿಲ್ಲ ಎಂದು ಕೆಲವರು ಹೇಳುತ್ತಾರೆ. ನಡುವೆ ಬಂದು ಕೂತ ಮ್ಯಾನೇಜರ್‌ಗಳಿಂದಲೇ ಎಲ್ಲ ಹಾಳಾಯಿತು ಎಂದು ಇನ್ನು ಕೆಲವರು. 2001ರಲ್ಲಿ ಗೂಗಲ್ ಸ್ಥಾಪಕ ಲ್ಯಾರಿ ಪೇಜ್ ಅವರಿಗೂ ಎರಡನೆಯದೇ ಸರಿ ಅನ್ನಿಸಿತ್ತು. ಅನ್ನಿಸಿದ್ದನ್ನು ಅವರು ಮನಸ್ಸಲ್ಲೇ ಇಟ್ಟುಕೊಳ್ಳಲಿಲ್ಲ. ಎಂಜಿನಿಯರ್‌ಗಳ ಮೇಲಿದ್ದ ಮ್ಯಾನೇಜರ್‌ಗಳನ್ನು ತೆಗೆದೇಬಿಟ್ಟರು.

ತಂಡ ಕಟ್ಟುವ ವಿಷಯ ಬಂದಾಗಲೆಲ್ಲ ನಾನು ಈ ಪ್ರಕರಣಕ್ಕೆ ಮರಳುತ್ತೇನೆ. ಇಲ್ಲಿ ಪೇಜ್ ನೋಡಿದ ಸಮಸ್ಯೆ ನಿಜವಾಗಿತ್ತು. ಮಾಡಿದ ಮದ್ದು ಅರ್ಧ ಕೆಲಸ ಮಾಡಿತು, ಅರ್ಧ ಕೈಕೊಟ್ಟಿತು. ಆ ಗೆರೆ ಎಲ್ಲಿ ಬೀಳುತ್ತದೆ ಅನ್ನೋದು ತಿಳಿದರೆ, ಬೆಳೆಯುತ್ತಿರುವ ತಂಡಕ್ಕೆ ಮುಖ್ಯಸ್ಥರಿಂದ ನಿಜವಾಗಿ ಏನು ಬೇಕು ಅನ್ನೋದು ಅರ್ಥವಾಗುತ್ತದೆ.

ಆಗ ಕಂಪನಿ ಹೇಗಿತ್ತು

ಲ್ಯಾರಿ ಪೇಜ್ ಮತ್ತು ಸೆರ್ಗೈ ಬ್ರಿನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು. 1998ರ ಸೆಪ್ಟೆಂಬರ್‌ನಲ್ಲಿ ಮೆನ್ಲೋ ಪಾರ್ಕ್‌ನಲ್ಲಿ ಸ್ನೇಹಿತೆ ಸೂಸನ್ ವೊಜಿಸ್ಕಿ ಅವರ ಮನೆಯ ಗ್ಯಾರೇಜ್‌ನಲ್ಲಿ ಕಂಪನಿ ಶುರು ಮಾಡಿದರು. ಕೆಲಸಕ್ಕೆ ಸೇರಿದ ಮೊದಲ ವ್ಯಕ್ತಿ ಕ್ರೇಗ್ ಸಿಲ್ವರ್‌ಸ್ಟೈನ್ ಕೂಡ ಅಲ್ಲೇ ಓದುತ್ತಿದ್ದವರು. ಅಂದರೆ ಇದು ಕಂಪನಿಗಿಂತ ಜಾಸ್ತಿ ಒಂದು ಲ್ಯಾಬ್‌ನ ಹಾಗಿತ್ತು. ಲ್ಯಾಬ್‌ನಲ್ಲಿ ಬಾಸ್ ಇರುವುದಿಲ್ಲ. ಗೊತ್ತಿದ್ದವರು ಮಾತಾಡುತ್ತಾರೆ, ಗೊತ್ತಿಲ್ಲದವರು ಕೇಳುತ್ತಾರೆ.

1999ರ ಜೂನ್‌ನಲ್ಲಿ ಎರಡು ದೊಡ್ಡ ಹೂಡಿಕೆ ಸಂಸ್ಥೆಗಳಿಂದ 2.5 ಕೋಟಿ ಡಾಲರ್ ಬಂತು. ಹೂಡಿಕೆದಾರರಲ್ಲಿ ಒಬ್ಬರಾದ ಜಾನ್ ಡೋರ್ ಅದೇ ವರ್ಷ ಬಂದು, ಚಿಪ್ ಕಂಪನಿ ಇಂಟೆಲ್‌ನಲ್ಲಿ ಮೇಲಧಿಕಾರಿಯಾಗಿದ್ದ ಆಂಡಿ ಗ್ರೋವ್ ಅವರಿಂದ ಕಲಿತ ಗುರಿ ಇಡುವ ಪದ್ಧತಿಯನ್ನು ತೋರಿಸಿಕೊಟ್ಟರು. ಈಗ ಎಲ್ಲರ ಬಾಯಲ್ಲೂ ಇರುವ ಓಕೆಆರ್ ಅದು, ಅಂದರೆ ಒಂದು ಗುರಿ ಮತ್ತು ಅದು ಮುಟ್ಟಿತೇ ಅಂತ ಅಳೆಯುವ ಕೆಲವು ಫಲಿತಾಂಶಗಳು. ಆವತ್ತು ಮೀಟಿಂಗ್ ಟೇಬಲ್ ಆಗಿದ್ದದ್ದು ಪಿಂಗ್‌ಪಾಂಗ್ ಟೇಬಲ್. ಈ ವಿವರವನ್ನು ಸುಮ್ನೆ ಹೇಳುತ್ತಿಲ್ಲ. ಮ್ಯಾನೇಜರ್‌ಗಳಿಲ್ಲದೆ ಸ್ವಲ್ಪ ಕಾಲವಾದರೂ ಈ ಕಂಪನಿ ನಡೆದದ್ದಕ್ಕೆ ಆ ಟೇಬಲ್ ಮೇಲೆ ಕಲಿತ ಅಭ್ಯಾಸವೂ ಒಂದು ಕಾರಣ ಅಂತ ನನ್ನ ನಂಬಿಕೆ. ಪ್ರತಿ ತಂಡದ ಗುರಿ ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

2001ರ ಕೊನೆಗೆ ಗೂಗಲ್‌ನಲ್ಲಿ 284 ಜನ ಇದ್ದರು. ಮುಂದಿನ ವರ್ಷದ ಕೊನೆಗೆ 682. ಈ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಹತ್ತು ಜನರ ತಂಡದಲ್ಲಿ ಇಬ್ಬಿಬ್ಬರು ಕೂತು ಮಾತಾಡಬಹುದಾದ ಜೋಡಿಗಳು 45. ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರುತ್ತದೆ. 284 ಜನರಲ್ಲಿ ಅಂಥ ಜೋಡಿಗಳು 40,186. 682 ಜನರಲ್ಲಿ 2,32,221. ಜನ ಎರಡೂವರೆ ಪಟ್ಟು ಆಗುವಷ್ಟರಲ್ಲಿ ಮಾತಿನ ದಾರಿಗಳು ಆರು ಪಟ್ಟು ಸಮೀಪ ಆಗಿಬಿಡುತ್ತವೆ. ತಂಡ ತೆವಳುವುದಕ್ಕೆ ಯಾರ ಸೋಮಾರಿತನವೂ ಬೇಕಿಲ್ಲ, ಈ ಲೆಕ್ಕ ಒಂದೇ ಸಾಕು.

ತೆಗೆದ ದಿನ

ಜನ ಜಾಸ್ತಿ ಆದಾಗ ಗೂಗಲ್ ಕೂಡ ಎಲ್ಲರೂ ಮಾಡುವುದನ್ನೇ ಮಾಡಿತ್ತು. ಎಂಜಿನಿಯರ್‌ಗಳಿಗೂ ಮೇಲಿನವರಿಗೂ ನಡುವೆ ಪ್ರಾಜೆಕ್ಟ್ ಮ್ಯಾನೇಜರ್‌ಗಳನ್ನು ತಂದು ಕೂರಿಸಿತ್ತು. ಪೇಜ್ ಅವರಿಗೆ ಇದು ಹಿಡಿಸಲಿಲ್ಲ. ತಂತ್ರಜ್ಞಾನ ಕಡಿಮೆ ಗೊತ್ತಿರುವವರು ಜಾಸ್ತಿ ಗೊತ್ತಿರುವವರಿಗೆ ಹೇಳಿ ಕೆಲಸ ಮಾಡಿಸುವುದು ಅವರಿಗೆ ಸರಿ ಕಾಣಲಿಲ್ಲ. ಆಗ ಎಂಜಿನಿಯರಿಂಗ್ ಮುಖ್ಯಸ್ಥರಾಗಿದ್ದ ವೇಯ್ನ್ ರೋಸಿಂಗ್ ಮುಂದೆ ಹೇಳಿಕೊಂಡ ಕಾರಣವೂ ಇದಕ್ಕೆ ಹತ್ತಿರದ್ದೇ: ಹೊಸದೇನಾದರೂ ಮಾಡೋಣ ಅಂದವರಿಗೆ 'ಆಗಲ್ಲ, ಬೇಡ' ಅನ್ನುವ ಗೋಡೆಯಾಗಿ ಆ ವ್ಯವಸ್ಥೆ ಬೆಳೆಯುತ್ತಿತ್ತು.

ಬದಲಾವಣೆಯನ್ನು ಎಂಜಿನಿಯರ್‌ಗಳ ಸಭೆಯಲ್ಲಿ ಎಲ್ಲರ ಎದುರಿಗೇ ಹೇಳಲಾಯಿತು. ಆ ಮ್ಯಾನೇಜರ್‌ಗಳೂ ಅಲ್ಲೇ ಕೂತಿದ್ದರು. ಕೊನೆಗೆ ಅವರನ್ನು ಕಂಪನಿಯಿಂದ ಕಳಿಸಲಿಲ್ಲ, ಆಪರೇಷನ್ಸ್ ಕಡೆ ಕೆಲಸ ಕೊಟ್ಟರು. ಆದರೂ ಹೇಳಿದ ರೀತಿ ತಪ್ಪು ಅಂತಲೇ ನಾನು ಹೇಳುತ್ತೇನೆ. ನಿನ್ನೆಯವರೆಗೆ ಜೊತೆಗೆ ದುಡಿದವರಿಗೆ 'ನೀವು ಬೇಡ' ಎಂಬ ಮಾತು ತುಂಬಿದ ಸಭೆಯಲ್ಲಿ ಕೇಳಿಸಬಾರದು. ಅದನ್ನು ನೋಡಿದ ಉಳಿದವರೂ ತಮ್ಮ ಜಾಗ ಎಷ್ಟು ಗಟ್ಟಿ ಅಂತ ಒಳಗೊಳಗೇ ಲೆಕ್ಕ ಹಾಕಲು ಶುರು ಮಾಡುತ್ತಾರೆ. ಹುರುಪು ಹೆಚ್ಚಿಸಲು ಮಾಡಿದ ಕೆಲಸವೇ ಅವತ್ತು ಹುರುಪು ಕಳೆಯುತ್ತದೆ.

ಅಲ್ಲಿಂದ ಮುಂದೆ ಎಂಜಿನಿಯರ್‌ಗಳೆಲ್ಲ ನೇರವಾಗಿ ರೋಸಿಂಗ್ ಅವರಿಗೆ ವರದಿ ಮಾಡಿಕೊಳ್ಳಬೇಕಾಯಿತು. ಒಂದು ಹಂತದಲ್ಲಿ ತಮ್ಮ ಕೈಕೆಳಗೆ ನೇರವಾಗಿ 160 ಜನ ಇದ್ದರು ಎಂದು ಅವರೇ ಹೇಳಿದ್ದಾರೆ. ವಾರಕ್ಕೆ ಒಬ್ಬೊಬ್ಬರಿಗೆ ಹದಿನೈದು ನಿಮಿಷ ಕೊಟ್ಟರೂ 40 ಗಂಟೆ ಆಗುತ್ತದೆ. ವಾರ ಅಲ್ಲಿಗೆ ಮುಗಿಯಿತು, ಅಲ್ವಾ?

ಸರಿಹೋದದ್ದು

ಇಲ್ಲಿ ನಾವು ಪ್ರಾಮಾಣಿಕವಾಗಿರಬೇಕು. ಈ ಪ್ರಯೋಗ ಪೂರ್ತಿ ಸೋಲಲಿಲ್ಲ. ಹೆಚ್ಚಿನವರು ಮೂವರ ಸಣ್ಣ ತಂಡಗಳಲ್ಲಿ ಕೆಲಸ ಮಾಡುತ್ತಿದ್ದರು. ತಂಡದ ಮುಂದಾಳತ್ವ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತಿತ್ತು. ತಾವು ಏನು ಮಾಡಬೇಕು ಅನ್ನೋದು ತಂಡಗಳಿಗೇ ಗೊತ್ತಿತ್ತು, ಹಾಗಾಗಿ ನಡೆಯಿತು ಎಂಬುದು ರೋಸಿಂಗ್ ಅವರ ವಿವರಣೆ.

ಅದೇ ಕಾಲದ ಒಂದು ಘಟನೆ ನೋಡಿ. 2002ರ ಮೇ ತಿಂಗಳ ಒಂದು ಶುಕ್ರವಾರ. ಪೇಜ್ ತಮ್ಮದೇ ಸೈಟ್‌ನಲ್ಲಿ ಏನೇನೋ ಹುಡುಕುತ್ತಿದ್ದರು. ಹುಡುಕಿದ್ದಕ್ಕೂ ಪಕ್ಕದಲ್ಲಿ ಬರುತ್ತಿದ್ದ ಜಾಹೀರಾತಿಗೂ ಸಂಬಂಧವೇ ಇರುತ್ತಿರಲಿಲ್ಲ. ಅವರು ಮೀಟಿಂಗ್ ಕರೆಯಲಿಲ್ಲ, ಜಾಹೀರಾತು ತಂಡದವರನ್ನು ಕರೆಸಿ ಬೈಯಲೂ ಇಲ್ಲ. ಆ ಪುಟಗಳ ಪ್ರಿಂಟ್ ತೆಗೆದು, ಈ ಜಾಹೀರಾತುಗಳು ದರಿದ್ರವಾಗಿವೆ ಅನ್ನುವ ಅರ್ಥದ ಒಂದು ಸಾಲನ್ನು ದಪ್ಪಕ್ಷರದಲ್ಲಿ ಬರೆದು, ಅಡುಗೆಕೋಣೆಯ ನೋಟಿಸ್ ಬೋರ್ಡ್‌ಗೆ ಚುಚ್ಚಿ ಮನೆಗೆ ಹೋದರು. ಎಂಜಿನಿಯರ್ ಜೆಫ್ ಡೀನ್ ಮತ್ತು ಇನ್ನೂ ನಾಲ್ವರು ಅದನ್ನು ನೋಡಿದರು. ಅವರು ಯಾರೂ ಜಾಹೀರಾತು ತಂಡದವರಲ್ಲ. ಅದು ಕೆಟ್ಟರೆ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಆದರೂ ಶನಿವಾರ ಭಾನುವಾರ ಕೂತು, ಹುಡುಕಿದ ಮಾತಿಗೆ ಜಾಹೀರಾತು ಎಷ್ಟು ಹೊಂದುತ್ತದೆ ಅನ್ನೋದಕ್ಕೆ ಅಂಕ ಕೊಡುವ ಒಂದು ಮಾದರಿ ತಯಾರಿಸಿದರು. ಸೋಮವಾರ ಬೆಳಗಿನ ಜಾವ ಐದು ಗಂಟೆಯ ಹೊತ್ತಿಗೆ ಸಮಸ್ಯೆ ಎಲ್ಲಿದೆ, ಪರಿಹಾರ ಏನು ಅಂತ ಬಿಡಿಸಿ ಹೇಳುವ ಇಮೇಲ್ ಹೋಯಿತು. ಗೂಗಲ್‌ನ ಜಾಹೀರಾತು ವ್ಯವಹಾರ ದೊಡ್ಡದಾಗಿ ಬೆಳೆದದ್ದರಲ್ಲಿ ಆ ವಾರಾಂತ್ಯದ ಕೆಲಸದ ಪಾಲು ಬಹಳ.

'ಇದು ನನ್ನ ಕೆಲಸ ಅಲ್ಲ' ಅನ್ನುವ ಮಾತೇ ಹುಟ್ಟದ ಜಾಗ ಅದು. ಪೇಜ್ ಉಳಿಸಿಕೊಳ್ಳಲು ಹೊರಟದ್ದು ಇದನ್ನೇ. ಬೆಳೆಯುತ್ತಿರುವ ಕಂಪನಿಯ ಮುಖ್ಯಸ್ಥರು ಇಂಥದ್ದು ಕೈತಪ್ಪಿ ಹೋಗುತ್ತದೆ ಅಂತ ಹೆದರಿದರೆ ಆ ಹೆದರಿಕೆಗೆ ಅರ್ಥವಿದೆ. ಅದನ್ನು ನಾನು ಎಂದೂ ಹಗುರವಾಗಿ ನೋಡುವುದಿಲ್ಲ.

ಕೈಕೊಟ್ಟದ್ದು

ಸಮಸ್ಯೆ ಬಂದದ್ದು ದೊಡ್ಡ ವಿಷಯಗಳಿಂದ ಅಲ್ಲ. ಖರ್ಚಿನ ಬಿಲ್ ಯಾರು ಪಾಸ್ ಮಾಡಬೇಕು? ಪಕ್ಕದ ಸೀಟಿನವನ ಜೊತೆ ಜಗಳ ಆಗಿದೆ, ಯಾರಿಗೆ ಹೇಳಬೇಕು? ಇಂಥ ಸಣ್ಣ ಪುಟ್ಟದ್ದೆಲ್ಲ ನೇರವಾಗಿ ಪೇಜ್ ಅವರ ಹತ್ತಿರ ಬರತೊಡಗಿತು. ಮ್ಯಾನೇಜರ್‌ಗಳನ್ನು ತೆಗೆದರೆ ಮ್ಯಾನೇಜರ್ ಕೆಲಸ ಮಾಯವಾಗುವುದಿಲ್ಲ. ಅದು ಹರಿದು ಹೋಗಿ ಮೇಲೆ ಕೂತವರ ಮೇಜಿನ ಮೇಲೆ ಬಂದು ನಿಲ್ಲುತ್ತದೆ.

ಆ ಹೊತ್ತಿಗೆ ಬಿಲ್ ಕ್ಯಾಂಪ್‌ಬೆಲ್ ಬಂದರು. ಒಂದು ಕಾಲದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಕೋಚ್, ಆಮೇಲೆ ಇಂಟ್ಯೂಟ್ ಕಂಪನಿಯ ಸಿಇಒ. 2001ರಲ್ಲಿ ಸಿಇಒ ಆಗಿ ಬಂದಿದ್ದ ಎರಿಕ್ ಶ್ಮಿಟ್ ಅವರಿಗೂ ಸ್ಥಾಪಕರಿಗೂ ಮಾರ್ಗದರ್ಶನ ಮಾಡಲು ಬಂದವರು. ಇಲ್ಲಿ ಮ್ಯಾನೇಜರ್‌ಗಳು ಬೇಕು ಅಂತ ಅವರು ಪೇಜ್ ಅವರಿಗೆ ಹೇಳಿದರು. ಪೇಜ್ ಒಪ್ಪಲಿಲ್ಲ. ವಾದ ಮುಂದುವರಿಯಿತು. ಕೊನೆಗೆ ಕ್ಯಾಂಪ್‌ಬೆಲ್ ಒಂದು ಮಾತು ಹೇಳಿದರು: ಎಂಜಿನಿಯರ್‌ಗಳನ್ನೇ ಕೇಳಿಬಿಡೋಣ.

ಇಬ್ಬರೂ ಎದ್ದು ಹೊರಗೆ ನಡೆದರು. ಕೆಲಸ ಮಾಡುತ್ತಾ ಕೂತಿದ್ದ ಒಬ್ಬ ಎಂಜಿನಿಯರ್ ಸಿಕ್ಕ. ನಿನಗೆ ಮ್ಯಾನೇಜರ್ ಬೇಕಾ ಅಂತ ಕೇಳಿದರು. ಬೇಕು ಅಂದ. ಯಾಕೆ? ಅವನ ಉತ್ತರದಲ್ಲಿ ಎರಡೇ ಮಾತಿತ್ತು. ಕಲಿಯೋದಕ್ಕೆ ಒಬ್ಬರು ಬೇಕು. ನಾವು ಒಮ್ಮತಕ್ಕೆ ಬರದೆ ನಿಂತಾಗ ತೀರ್ಮಾನ ಹೇಳೋದಕ್ಕೆ ಒಬ್ಬರು ಬೇಕು. ಅವತ್ತು ಇನ್ನೂ ಕೆಲವರನ್ನು ಕೇಳಿದರು. ಹೆಚ್ಚಿನವರು ಹೇಳಿದ್ದು ಇದನ್ನೇ.

ಈ ಎರಡು ಮಾತನ್ನು ನಿಧಾನವಾಗಿ ಓದಿ. ಕೆಲಸ ಹಂಚುವವರು ಬೇಕು ಅಂತ ಅವನು ಹೇಳಲಿಲ್ಲ. ಹುರಿದುಂಬಿಸುವವರು ಬೇಕು ಅಂತಲೂ ಇಲ್ಲ. ಹುರುಪು ಅವನಲ್ಲಿ ಮೊದಲೇ ಇತ್ತು. ಅದು ಎರಡು ಕಡೆ ಸೋರಿ ಹೋಗುತ್ತಿತ್ತು: ಬೆಳೆಯುತ್ತಿಲ್ಲ ಅನ್ನಿಸಿದಾಗ, ಮತ್ತು ವಾದ ಮುಗಿಯದೆ ಕೆಲಸ ನಿಂತಾಗ. ತಂಡಕ್ಕೆ ಹುರುಪು ತುಂಬುವುದು ಹೇಗೆ ಅಂತ ಸ್ಥಾಪಕರು ನನ್ನನ್ನು ಕೇಳಿದಾಗ ನಾನು ಮೊದಲು ಹೇಳುವುದು ಇದನ್ನೇ, ತುಂಬುವುದು ಆಮೇಲೆ ಇರಲಿ, ಸೋರುವುದು ಎಲ್ಲಿ ಅಂತ ನೋಡೋಣ.

ಎರಡನೆಯ ಸೋರಿಕೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಿಂದೆ ಕೆಲಸ ಮಾಡಿದ ಒಂದು ಸಣ್ಣ ಕಂಪನಿಯಲ್ಲಿ ಇಬ್ಬರು ಹಿರಿಯ ಎಂಜಿನಿಯರ್‌ಗಳು ಇದ್ದರು. ಹಳೆಯ ಕೋಡ್ ಉಳಿಸಿಕೊಂಡು ರಿಪೇರಿ ಮಾಡಬೇಕೋ, ಪೂರ್ತಿ ಹೊಸದಾಗಿ ಬರೆಯಬೇಕೋ ಅನ್ನುವುದರ ಮೇಲೆ ಇಬ್ಬರಿಗೂ ಭಿನ್ನಾಭಿಪ್ರಾಯ. ಮೀಟಿಂಗ್ ರೂಮಿನ ಬಿಳಿ ಬೋರ್ಡ್ ಮೇಲೆ ಎಡಕ್ಕೆ ಒಬ್ಬರ ಚಿತ್ರ, ಬಲಕ್ಕೆ ಇನ್ನೊಬ್ಬರ ಚಿತ್ರ. ಮೂಲೆಯಲ್ಲಿ 'ಅಳಿಸಬೇಡಿ'. ವಾರಗಟ್ಟಲೆ ಹಾಗೇ ಇತ್ತು. ಬೇರೆ ಮೀಟಿಂಗ್‌ಗೆ ಹೋದವರು ನಡುವೆ ಉಳಿದಿದ್ದ ಒಂದು ಗೇಣು ಜಾಗದಲ್ಲಿ ಬರೆದುಕೊಳ್ಳುತ್ತಿದ್ದೆವು. ಸ್ಥಾಪಕರು ಒಳ್ಳೆಯ ಮನುಷ್ಯ. 'ನೀವಿಬ್ಬರೂ ನನಗಿಂತ ಜಾಸ್ತಿ ತಿಳಿದವರು, ನೀವೇ ಕೂತು ತೀರ್ಮಾನ ಮಾಡಿ' ಅನ್ನುತ್ತಿದ್ದರು. ಅದನ್ನು ಗೌರವ ಅಂದುಕೊಂಡಿದ್ದರು. ಆದರೆ ಇಬ್ಬರಿಗೂ ಅದು ಕೈಬಿಟ್ಟ ಹಾಗೆ ಕಂಡಿತು. ಕೊನೆಗೆ ಒಬ್ಬರು ಬೇರೆ ಕಡೆ ಹೋದರು. ನನ್ನ ಮಾತು ಸೋತಿದ್ದರೂ ಇರುತ್ತಿದ್ದೆ, ಯಾವುದೂ ತೀರ್ಮಾನ ಆಗದೇ ಇದ್ದದ್ದು ಸಾಕಾಯಿತು ಅಂತ ಹೋಗುವ ದಿನ ನನಗೆ ಹೇಳಿದರು.

ಮತ್ತೆ ತಂದದ್ದು ಹೇಗೆ

ಗೂಗಲ್ ಮ್ಯಾನೇಜರ್‌ಗಳನ್ನು ವಾಪಸ್ ತಂದಿತು. ಆದರೆ ಹಳೆಯ ರೂಪದಲ್ಲಿ ತರಲಿಲ್ಲ. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಭಾಗ ಇದು, ಹೆಚ್ಚಿನವರು ಇದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ.

ಸಾಮಾನ್ಯವಾಗಿ ಮ್ಯಾನೇಜರ್ ಕೈಯಲ್ಲಿ ಏನಿರುತ್ತದೆ? ಯಾರನ್ನು ಸೇರಿಸಿಕೊಳ್ಳಬೇಕು, ಯಾರಿಗೆ ಬಡ್ತಿ, ಯಾರಿಗೆ ಎಷ್ಟು ಸಂಬಳ, ಯಾರನ್ನು ಕಳಿಸಬೇಕು. ಗೂಗಲ್‌ನಲ್ಲಿ ಮ್ಯಾನೇಜರ್ ಒಬ್ಬರೇ ಇವುಗಳಲ್ಲಿ ಯಾವುದನ್ನೂ ನಿರ್ಧರಿಸುವ ಹಾಗಿರಲಿಲ್ಲ. ನೇಮಕಾತಿಗೆ ಸಮಿತಿ. ಬಡ್ತಿಗೆ ಇನ್ನೊಂದು ಸಮಿತಿ. ಸಂದರ್ಶನ ಮಾಡಿದವರ ಟಿಪ್ಪಣಿಗಳನ್ನು ಓದಿ ತೀರ್ಮಾನ ಹೇಳುತ್ತಿದ್ದವರು ಆ ತಂಡಕ್ಕೆ ಸಂಬಂಧವಿಲ್ಲದವರು. ಅರ್ಜೆಂಟಾಗಿ ಜನ ಬೇಕು ಅಂತ ಮ್ಯಾನೇಜರ್ ಸುಮಾರಾದವರನ್ನು ಸೇರಿಸಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು. ಎಷ್ಟೋ ವರ್ಷಗಳ ಕಾಲ ಪ್ರತಿ ನೇಮಕಾತಿಯ ಕಾಗದ ಕೊನೆಗೆ ಪೇಜ್ ಅವರ ಕಣ್ಣಿಗೂ ಬಿದ್ದೇ ಹೋಗುತ್ತಿತ್ತು.

ಕೋಲು ಕಿತ್ತುಕೊಂಡ ಮೇಲೆ ಮ್ಯಾನೇಜರ್ ಹತ್ತಿರ ಉಳಿಯುವುದು ಏನು? ಸಹಾಯ ಮಾಡುವುದು. ತಂಡದವರು ಅವರ ಮಾತು ಕೇಳಬೇಕಾದರೆ ಆ ಮಾತಿನಿಂದ ಏನಾದರೂ ಉಪಯೋಗ ಆಗಬೇಕು. ಪೇಜ್ ಹೆದರಿದ್ದ 'ಬೇಡ' ಅನ್ನುವ ಗೋಡೆ ಇಲ್ಲಿ ಎದ್ದೇಳುವುದು ಕಷ್ಟ. ಎಂಜಿನಿಯರ್ ಕೇಳಿದ್ದ ಕಲಿಸುವವರು ಮತ್ತು ತೀರ್ಮಾನ ಹೇಳುವವರು ಸಿಗುತ್ತಾರೆ. ಸ್ಟಾರ್ಟಪ್‌ಗಳಲ್ಲಿ ನಾನು ನೋಡುವುದು ಇದರ ಉಲ್ಟಾ. ಬಹಳ ದಿನದಿಂದ ಇದ್ದಾರೆ, ಚೆನ್ನಾಗಿ ಕೋಡ್ ಬರೆಯುತ್ತಾರೆ ಅಂತ ಒಬ್ಬರನ್ನು ಮ್ಯಾನೇಜರ್ ಮಾಡುತ್ತಾರೆ. ಮೊದಲ ದಿನವೇ ಸಂಬಳ, ಬಡ್ತಿಯ ಅಧಿಕಾರವೆಲ್ಲ ಕೈಗೆ ಕೊಡುತ್ತಾರೆ. ಇನ್ನೊಬ್ಬರಿಗೆ ಕಲಿಸುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಸಮಿತಿಗಳಿಂದ ಕೆಲಸ ನಿಧಾನ ಆಗುತ್ತದೆ, ಅದು ನಿಜ. ಇಪ್ಪತ್ತು ಜನರ ಕಂಪನಿಗೆ ಬಡ್ತಿ ಸಮಿತಿ ಬೇಕಿಲ್ಲ. ಆದರೆ ಹೊಸಬರನ್ನು ಸೇರಿಸಿಕೊಳ್ಳುವಾಗ ತಂಡದ ಹೊರಗಿನ ಒಬ್ಬರ ಒಪ್ಪಿಗೆ ಇರಲೇಬೇಕು ಅನ್ನುವ ನಿಯಮ ಇಪ್ಪತ್ತು ಜನರಿದ್ದಾಗಲೂ ನಡೆಯುತ್ತದೆ. ಅದಕ್ಕೆ ಖರ್ಚೂ ಇಲ್ಲ.

ಎಂಜಿನಿಯರ್ ಹೇಳಿದ್ದನ್ನೇ ಅಂಕಿಗಳೂ ಹೇಳಿದವು

ಮ್ಯಾನೇಜರ್ ಬೇಕೇ ಅನ್ನುವ ಅನುಮಾನ ಮಾತ್ರ ಎಂಜಿನಿಯರ್‌ಗಳ ಮನಸ್ಸಿನಿಂದ ಪೂರ್ತಿ ಹೋಗಿರಲಿಲ್ಲ. 2009ರಲ್ಲಿ ಗೂಗಲ್‌ನ ಮಾನವ ಸಂಪನ್ಮೂಲ ವಿಭಾಗ ಇದನ್ನು ಅಳೆದೇ ನೋಡಲು ಹೊರಟಿತು. ಪ್ರಾಜೆಕ್ಟ್ ಆಕ್ಸಿಜನ್ ಅಂತ ಹೆಸರು. ಮ್ಯಾನೇಜರ್ ಒಳ್ಳೆಯವರಾದರೂ ಕೆಟ್ಟವರಾದರೂ ವ್ಯತ್ಯಾಸ ಆಗುವುದಿಲ್ಲ ಅಂತ ತೋರಿಸಬಹುದೇ ನೋಡೋಣ ಅಂತಲೇ ಶುರು ಮಾಡಿದರು. ಕಾರ್ಯಕ್ಷಮತೆ ವರದಿಗಳು, ಸಿಬ್ಬಂದಿ ಸಮೀಕ್ಷೆಗಳು, ಸಂದರ್ಶನಗಳನ್ನೆಲ್ಲ ಕೂಡಿಸಿದರೆ ಮ್ಯಾನೇಜರ್‌ಗಳ ಬಗ್ಗೆ 10,000ಕ್ಕೂ ಹೆಚ್ಚು ಟಿಪ್ಪಣಿಗಳಾದವು. ಫಲಿತಾಂಶ ತಿರುಗಿ ಬಂತು. ಒಳ್ಳೆಯ ಮ್ಯಾನೇಜರ್ ಇರುವ ತಂಡದಲ್ಲಿ ಜನ ಹೆಚ್ಚು ಕಾಲ ಉಳಿಯುತ್ತಿದ್ದರು, ಹೆಚ್ಚು ಖುಷಿಯಾಗಿದ್ದರು.

ಒಳ್ಳೆಯ ಮ್ಯಾನೇಜರ್‌ನ ಎಂಟು ಗುಣಗಳನ್ನು ಪಟ್ಟಿ ಮಾಡಿದರು. ಮೊದಲನೆಯದು: ಒಳ್ಳೆಯ ಕೋಚ್ ಆಗಿರುವುದು. ಎಂಟನೆಯದು, ಅಂದರೆ ಕೊನೆಯದು: ತಂತ್ರಜ್ಞಾನ ಗೊತ್ತಿರುವುದು. ಜಾಸ್ತಿ ತಿಳಿದವರೇ ನಡೆಸಬೇಕು ಅಂತ ನಂಬಿದ್ದ ಕಂಪನಿಗೆ ಇದು ದೊಡ್ಡ ಆಶ್ಚರ್ಯ. ಕೊನೆಯದಾದರೂ ಅದು ಪಟ್ಟಿಯಲ್ಲಿ ಇತ್ತು ಅನ್ನೋದನ್ನೂ ಮರೆಯಬಾರದು. ಏನೂ ಗೊತ್ತಿಲ್ಲದವರು ಎಂಜಿನಿಯರ್‌ಗಳನ್ನು ನಡೆಸಲಾರರು ಎಂಬ ಪೇಜ್ ಅವರ ಅನಿಸಿಕೆ ಪೂರ್ತಿ ಸುಳ್ಳಾಗಿರಲಿಲ್ಲ. ಜನ ಇಷ್ಟಪಟ್ಟದ್ದು ಮಾತ್ರ ಬೇರೆ: ಸಮಾಧಾನದಿಂದ ಇರುವವರು, ಒಬ್ಬೊಬ್ಬರಿಗೂ ಕೂತು ಮಾತಾಡಲು ಸಮಯ ಕೊಡುವವರು, ಉತ್ತರ ಹೇಳಿ ಕೈತೊಳೆದುಕೊಳ್ಳದೆ ಪ್ರಶ್ನೆ ಕೇಳಿ ಕೇಳಿ ದಾರಿ ಹುಡುಕಿಸುವವರು.

ಈ ಗುಣಗಳನ್ನು ಹೇಳಿಕೊಡಬಹುದು ಅನ್ನೋದೂ ತಿಳಿಯಿತು. ತೀರಾ ಹಿಂದಿದ್ದ ಮ್ಯಾನೇಜರ್‌ಗಳಲ್ಲಿ ಶೇಕಡ 75ರಷ್ಟು ಜನ ಗುರುತಿಸುವಷ್ಟು ಸುಧಾರಿಸಿದರು ಎಂದು ಆ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ ಹೇಳಿದ್ದರು. ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಧೈರ್ಯ ಕೊಡುವ ಅಂಕಿ ಇದೇ. ಒಳ್ಳೆಯ ಮ್ಯಾನೇಜರ್ ಹುಟ್ಟಿನಿಂದಲೇ ಆಗಬೇಕು ಅಂತಿದ್ದರೆ ಬೆಳೆಯುವ ಕಂಪನಿಗೆ ದಾರಿಯೇ ಇರುತ್ತಿರಲಿಲ್ಲ.

2012ರಲ್ಲಿ ಇನ್ನೊಂದು ಅಧ್ಯಯನ, ಪ್ರಾಜೆಕ್ಟ್ ಅರಿಸ್ಟಾಟಲ್. ಈ ಸಲ 180 ತಂಡಗಳನ್ನು ನೋಡಿದರು. ತಂಡದಲ್ಲಿ ಯಾರ್ಯಾರು ಇದ್ದಾರೆ ಅನ್ನೋದಕ್ಕಿಂತ ಅವರು ಒಬ್ಬರ ಜೊತೆ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದೇ ಮುಖ್ಯ ಅಂತ ಕಂಡಿತು. ಎಲ್ಲಕ್ಕಿಂತ ಮೇಲೆ ನಿಂತದ್ದು, ತಪ್ಪು ಮಾಡಿದರೂ ಪೆದ್ದು ಪ್ರಶ್ನೆ ಕೇಳಿದರೂ ಇಲ್ಲಿ ಯಾರೂ ಅವಮಾನ ಮಾಡುವುದಿಲ್ಲ ಅನ್ನುವ ಭರವಸೆ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1999ರಲ್ಲೇ ಇದರ ಬಗ್ಗೆ ಬರೆದಿದ್ದರು. ಕಲಿಯೋದಕ್ಕೆ ಒಬ್ಬರು ಬೇಕು ಅಂದ ಆ ಎಂಜಿನಿಯರ್ ಮಾತಿನ ಇನ್ನೊಂದು ಮುಖ ಇದು. ನನಗೆ ಇದು ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಲು ಆಗದ ಜಾಗದಲ್ಲಿ ಯಾರಿಂದ ಏನು ಕಲಿಯೋದು?

2018ರಲ್ಲಿ ಆಕ್ಸಿಜನ್ ಪಟ್ಟಿಗೆ ಇನ್ನೂ ಎರಡು ಗುಣ ಸೇರಿಸಿ ಹತ್ತು ಮಾಡಿದರು. ಒಂದು, ಬೇರೆ ತಂಡಗಳ ಜೊತೆ ಕೂಡಿ ಕೆಲಸ ಮಾಡುವುದು. ಇನ್ನೊಂದು, ಗಟ್ಟಿಯಾಗಿ ತೀರ್ಮಾನ ತೆಗೆದುಕೊಳ್ಳುವುದು. ಕಲಿಸುವವರು 2009ರಲ್ಲೇ ಪಟ್ಟಿಯ ತಲೆಯ ಮೇಲೆ ಇದ್ದರು. ತೀರ್ಮಾನ ಹೇಳುವವರು ಬಂದದ್ದು ಈಗ.

ನಿಮ್ಮ ತಂಡದಲ್ಲಿ

ನಿಮ್ಮದು ಗೂಗಲ್ ಅಲ್ಲ. ಅಷ್ಟು ದುಡ್ಡಿಲ್ಲ, ಅಂಥ ಅಂಕಿ-ಅಂಶದ ವಿಭಾಗವೂ ಇಲ್ಲ. ಆದರೆ ಕ್ಯಾಂಪ್‌ಬೆಲ್ ಮಾಡಿದ್ದಕ್ಕೆ ಇವು ಯಾವುದೂ ಬೇಕಾಗಿರಲಿಲ್ಲ.

ಒಂದು ವಾರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನಿಮ್ಮ ಹತ್ತಿರ ಬಂದ ಪ್ರತಿ ಪ್ರಶ್ನೆಯನ್ನೂ ಒಂದು ಸಾಲಿನಲ್ಲಿ ಬರೆಯಿರಿ. ವಾರದ ಕೊನೆಗೆ ಒಂದೊಂದರ ಪಕ್ಕದಲ್ಲೂ ಗುರುತು ಹಾಕಿ: ಕಲಿಯಲು ಬಂದದ್ದೋ, ತೀರ್ಮಾನಕ್ಕೆ ಬಂದದ್ದೋ, ಅಥವಾ ಬಿಲ್ ಪಾಸ್ ಮಾಡಿಸುವಂಥ ಕಚೇರಿ ಕೆಲಸವೋ. ಕಚೇರಿ ಕೆಲಸ ಜಾಸ್ತಿ ಇದ್ದರೆ ನಿಮಗೆ ಬೇಕಿರುವುದು ಮ್ಯಾನೇಜರ್ ಅಲ್ಲ, ಒಂದು ಸ್ಪಷ್ಟ ನಿಯಮ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬರು. ಕಲಿಕೆಯ ಪ್ರಶ್ನೆಗಳು ಜಾಸ್ತಿ ಇದ್ದರೆ, ಅವು ನಿಮ್ಮ ಹತ್ತಿರ ಯಾಕೆ ಬರುತ್ತಿವೆ, ಪಕ್ಕದವರ ಹತ್ತಿರ ಯಾಕೆ ಹೋಗುತ್ತಿಲ್ಲ ಅಂತ ನೋಡಿ. ತಂಡದಲ್ಲಿ ತಾಳ್ಮೆಯಿಂದ ಹೇಳಿಕೊಡುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಹೆಚ್ಚಿನ ಸಲ ಅವರು ಎಲ್ಲರಿಗಿಂತ ಜಾಣ ಕೋಡರ್ ಆಗಿರುವುದಿಲ್ಲ. ಮುಂದಾಳು ಮಾಡುವಾಗ ಅವರ ಹೆಸರನ್ನು ಮೊದಲು ಯೋಚಿಸಿ.

ತೀರ್ಮಾನದ ಪ್ರಶ್ನೆಗಳು ಜಾಸ್ತಿ ಇದ್ದರೆ ಪ್ರತಿ ವಿಷಯಕ್ಕೂ ಒಂದು ಹೆಸರು ಬರೆದಿಡಿ. ಎರಡು ದಿನ ಮಾತಾಡಿಯೂ ಒಮ್ಮತ ಬರದಿದ್ದರೆ ಇವರು ಹೇಳಿದ್ದೇ ಕೊನೆ, ಅಂತ. ಅವರು ಹೇಳಿದ ಮೇಲೆ ನೀವು ಮೇಲಿನಿಂದ ಬಂದು ತಿರುಗಿಸಬೇಡಿ. ಸ್ಥಾಪಕರಿಗೆ ಇದೇ ಅತಿ ಕಷ್ಟದ್ದು, ನನಗೆ ಗೊತ್ತು. ನಿಮಗೆ ಸರಿ ಕಾಣದ ಒಂದು ತೀರ್ಮಾನವನ್ನು ಮೊದಲ ಸಲ ಹಾಗೇ ಬಿಟ್ಟಾಗ ತಂಡ ಅದನ್ನು ಗಮನಿಸುತ್ತದೆ.

ನೋಟ್‌ಬುಕ್ ಮುಗಿದ ಮೇಲೆ ಎದ್ದು ಹೋಗಿ ಯಾರಾದರೂ ಒಬ್ಬರ ಪಕ್ಕದಲ್ಲಿ ಕೂತು ಕೇಳಿ: ನಿಮಗೆ ಮ್ಯಾನೇಜರ್ ಬೇಕಾ, ಯಾಕೆ? ಉತ್ತರ ಪೂರ್ತಿ ಮುಗಿಯುವವರೆಗೆ ಬಾಯಿ ಹಾಕಬೇಡಿ. ಆಮೇಲೆ ಇನ್ನೊಬ್ಬರ ಹತ್ತಿರ ಹೋಗಿ ಅದನ್ನೇ ಕೇಳಿ.